ಮ್ಯಾಪಿನಲ್ಲಿ ಮೇಲೆ ಹತ್ತಿದ ಬ್ಲೌಸ್ ಟೈಲರ್

ಅಲ್ಲ ಮಾರಾಯ್ರೆ, ಮ್ಯಾಪಲ್ಲಿ ಅಂಗಡಿ ಹೋಗಿ ಕ್ರೀಕ್ ಅನ್ನುವ ಕಡಲ ಕಾಲುವೆಯ ನೀರಿನ ಮಧ್ಯೆ ಕೂತದ್ದು ನನ್ನ ತಪ್ಪಲ್ಲ. ನೀವು ಕೇಳ್ಲಿಲ್ಲ, ಗೊತ್ತುಂಟು. ದುಬೈಯಲ್ಲಿ ಯಾರೂ ಬಾಯಿಬಿಟ್ಟು ಕೇಳ್ತಿರಲಿಲ್ಲ, ಮುಖದಲ್ಲೇ ಕೇಳ್ತಿದ್ರು: "ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಂದವ ಅಲ್ವಾ? ಇವನದ್ದೇ ಕೆಲಸ." ಸ್ವಾಮಿ, ಚಿನ್ನದ ಪದಕ ತಗೊಂಡವ ಮ್ಯಾಪಿಗೆ ಪಿನ್ ಹಾಕಿದ್ರೂ ಅದು ನೀರಿಗೇ ಬೀಳ್ತಿತ್ತು. ಈ ಕಸುಬೇ ಹಾಗೆ. ತಮಾಷೆಯನ್ನು ನಾವು ಹುಡುಕಬೇಕಂತಿಲ್ಲ, ಅದೇ ನಮ್ಮನ್ನು ಸರ್ಚ್ ಮಾಡಿಕೊಂಡು ಬರ್ತದೆ.

ಕಸುಬು ಎಂತದು ಅಂದ್ರೆ, ಯಾರಾದ್ರೂ ಫೋನಲ್ಲಿ "ಟೈಲರ್" ಅಂತ ಹುಡುಕಿದ್ರೆ ಮ್ಯಾಪಿನ ಕೆಳಗೆ ಮೂರು ಅಂಗಡಿ ಹೆಸರು ಬರ್ತದಲ್ಲ? ಆ ಮೂರರ ಒಳಗೆ ನಮ್ಮ ಗಿರಾಕಿಯನ್ನು ನುಗ್ಗಿಸೋದು. ಮೂರರ ಕೆಳಗೆ ಇರುವವರನ್ನು ದೇವರೂ ನೋಡೋದಿಲ್ಲ. ನಮ್ಮ ಯಜಮಾನ್ರು ಉಡುಪಿ ಕಡೆಯವರು. ಬರ್ ದುಬೈಯಲ್ಲಿ ಒಂದೇ ರೂಮಿನ ಆಫೀಸು. ಟೆಕ್ನಿಕಲ್ ಟೀಮು, ಸೇಲ್ಸ್ ಟೀಮು, ಚಹಾ ತರುವ ಟೀಮು, ಎಲ್ಲ ನಾನೇ.

ನಮಗೆ ಸಿಕ್ಕಿದ ಮೊದಲ ದೊಡ್ಡ ಗಿರಾಕಿ ದೇವಸ್ಥಾನದ ಗಲ್ಲಿಯ ಬ್ಲೌಸ್ ಟೈಲರ್. ಕಾರ್ಕಳ ಕಡೆಯವರು. ನಾನು ಟೈಲರ್ ಅಣ್ಣ ಅಂತ ಕರೀತಿದ್ದೆ. ಅಣ್ಣನನ್ನು ಮೇಲೆ ಹತ್ತಿಸಿದ್ರೆ ಇಡೀ ಗಲ್ಲಿಯ ಅಂಗಡಿಯವರು ನಮ್ಮ ಹಿಂದೆ ಬರ್ತಾರೆ ಅಂತ ಯಜಮಾನ್ರ ಲೆಕ್ಕ. ನನ್ನ ವೀಸಾ ಮುಗೀಲಿಕ್ಕೆ ಬಂದಿತ್ತು. ಅವರು ಸೀದಾ ಹೇಳಿದ್ರು: "ನೋಡು, ದೀಪಾವಳಿ ಒಳಗೆ ಟೈಲರ್ ನಂಬರ್ ಒನ್ ಆದ್ರೆ ನಿನ್ನ ವೀಸಾ ರಿನ್ಯೂ. ಆಗದಿದ್ರೆ ಖಲಾಸ್, ಊರಿಗೆ ಟಿಕೆಟು."

ಊರಿಗೆ ಹೋಗಲಿಕ್ಕೆ ನನಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಅಪ್ಪನದ್ದು. ಅವರು ಆಗಲೇ ಪ್ರಿನ್ಸಿಪಾಲರನ್ನು ಕಂಡು, ಕೈಮುಗಿದು, ನನ್ನನ್ನು ಪುನಃ ಕ್ಲಾಸಿಗೆ ಕೂರಿಸುವ ಏರ್ಪಾಡು ಮಾಡಿ ಇಟ್ಟಿದ್ರು. ವಿಮಾನ ಇಳಿದ ಕೂಡ್ಲೇ ಎಂ-ತ್ರೀ, ಮೂರನೇ ಸೆಮಿಸ್ಟರಿನ ಗಣಿತ. ಮರಳುಗಾಡಲ್ಲಿ ಒಂಟೆ ಮೇಯಿಸ್ತೇನೆ, ಆ ಪೇಪರ್ ಎದುರು ಇನ್ನೊಮ್ಮೆ ಕೂರೋದಿಲ್ಲ ಅಂತ ನಾನು ಆಣೆ ಹಾಕಿ ಆಗಿತ್ತು.

ನೀರಿನ ಮೇಲೆ ಅಂಗಡಿ

ಮೊದಲು ವಿಳಾಸ ತುಂಬಿಸಬೇಕು. "ಅಣ್ಣ, ಬಿಲ್ಡಿಂಗ್ ನಂಬರ್, ರಸ್ತೆ ಹೆಸರು ಹೇಳಿ" ಅಂದೆ.

"ಅದೆಲ್ಲ ಯಾರಿಗೆ ಗೊತ್ತುಂಟು? ಬರೀ. ದೇವಸ್ಥಾನದ ಗಲ್ಲಿ, ಹೂವಿನವನ ಪಕ್ಕ, ಚಪ್ಪಲಿ ಅಂಗಡಿ ಎದುರು."

"ಚಪ್ಪಲಿ ಅಂಗಡಿ ಎಲ್ಲಿ ಉಂಟು? ಕಾಣೋದಿಲ್ಲ."

"ಈಗ ಇಲ್ಲ ಮಾರಾಯ. ಮುಂಚೆ ಇತ್ತು."

ದುಬೈಯಲ್ಲಿ ನಮ್ಮವರ ವಿಳಾಸ ಎಲ್ಲ ಹೀಗೇ. ಇರುವ ಅಂಗಡಿಗೆ ಇಲ್ಲದ ಅಂಗಡಿಯೇ ಗುರುತು. ಟ್ಯಾಕ್ಸಿಯವನಿಗೂ ಅದೇ ಹೇಳೋದು, ಅವನೂ ತಲೆ ಆಡಿಸಿ ಸರಿಯಾಗಿ ಕರ್ಕೊಂಡು ಬರ್ತಾನೆ. ನಾನು ಅಣ್ಣ ಹೇಳಿದ್ದನ್ನು ಹಾಗೇ ಟೈಪ್ ಮಾಡಿದೆ. ಮ್ಯಾಪು ತುಂಬ ಹೊತ್ತು ಯೋಚನೆ ಮಾಡಿತು. ಆಮೇಲೆ ಪಿನ್ ತಗೊಂಡು ಹೋಗಿ ಕ್ರೀಕಿನ ನಡುನೀರಿಗೆ ಚುಚ್ಚಿತು.

ಸರಿಮಾಡುವ ಅಂತ ಒತ್ತಿದ್ರೆ, "ನೀವೇ ಮಾಲೀಕರು ಅಂತ ರುಜುವಾತು ಬೇಕು. ಗುಟ್ಟಿನ ಸಂಖ್ಯೆ ಇರುವ ಕಾರ್ಡನ್ನು ನಿಮ್ಮ ವಿಳಾಸಕ್ಕೆ ಕಳಿಸ್ತೇವೆ" ಅಂತ ಬಂತು. ವಿಳಾಸ ಎಲ್ಲಿ? ನೀರಲ್ಲಿ. ದುಬೈಯಲ್ಲಿ ಪೋಸ್ಟ್‌ಮ್ಯಾನ್ ನೆಲದ ಮೇಲಿನ ಮನೆಗೇ ಬರೋದಿಲ್ಲ, ಎಲ್ಲರೂ ಪೋಸ್ಟ್ ಬಾಕ್ಸಿಗೆ ಹೋಗಿ ತರ್ಬೇಕು. ಇನ್ನು ಅವ ಈಜಿಕೊಂಡು ಬರ್ತಾನಾ?

ಅಷ್ಟರಲ್ಲಿ ಟೈಲರ್ ಅಣ್ಣನಿಗೆ ಒಂದು ಫೋನು. ಹೆಂಗಸು ಕಿರುಚ್ತಾ ಇದ್ರು: "ನಾನು ಬಂದಿದ್ದೀನಿ, ನೀವೆಲ್ಲಿದ್ದೀರಾ?" ಪಾಪ, ಕ್ರೀಕಿನ ಆಚೆ ದಡದ ದೇರಾ ಕಡೆಯಿಂದ ಫೋನ್ ಹಿಡ್ಕೊಂಡು ಹೊರಟಿದ್ರಂತೆ. ಮ್ಯಾಪು ದಡಕ್ಕೆ ಕರ್ಕೊಂಡು ಬಂದು ಇನ್ನೂ ಮುಂದೆ ಹೋಗಿ ಅಂದಿದೆ. ಅವರು ಅಬ್ರಾ ದೋಣಿ ಹತ್ತಿದ್ದಾರೆ. ನಡುನೀರಲ್ಲಿ "ನೀವು ತಲುಪಿದ್ದೀರಿ" ಅಂತ ಫೋನು ಘೋಷಣೆ ಮಾಡಿದೆ. ದೋಣಿಯವ ಭಾರೀ ಸಜ್ಜನ. ಇಂಜಿನ್ ಆಫ್ ಮಾಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಇಳಿಯುವ ಕಡೆ ಕೈ ತೋರಿಸಿ ಹೇಳಿದನಂತೆ: "ಮೇಡಂ, ಆ ಗಯಾ. ಉತರೋ."

ಆ ಹೆಂಗಸು ಮ್ಯಾಪಲ್ಲಿ ನಮಗೆ ಐದರಲ್ಲಿ ಮೂರು ನಕ್ಷತ್ರ ಕೊಟ್ರು: "ಜಾಗ ಚೆನ್ನಾಗಿದೆ, ಒಳ್ಳೆ ಗಾಳಿ. ಅಂಗಡಿ ಮಾತ್ರ ಕಾಣಲಿಲ್ಲ."

ಹಪ್ಪಳದ ಶಿಫಾರಸು

ಆಮೇಲೆ ಫೋನಿಗೇ ಸಂಖ್ಯೆ ತರಿಸುವ ದಾರಿ ಸಿಕ್ಕಿ ಟೈಲರ್ ಅಣ್ಣ ದಡ ಸೇರಿದ. ದಡ ಸೇರಿದ್ರೂ ಇದ್ದದ್ದು ಹದಿನಾಲ್ಕನೇ ಸ್ಥಾನದಲ್ಲಿ. ಯಜಮಾನ್ರಿಗೆ ಮಂಡೆ ಬಿಸಿ.

"ಈ ಸ್ಥಾನ ಕೊಡೋದು ಯಾರು?" ಅಂತ ಕೇಳಿದ್ರು.

"ಯಾರೂ ಅಲ್ಲ ಸಾರ್. ಕಂಪ್ಯೂಟರೇ ಲೆಕ್ಕ ಹಾಕ್ತದೆ. ಎಷ್ಟು ಹತ್ರ ಉಂಟು, ಜನ ಎಂತ ಬರೆದಿದ್ದಾರೆ..."

"ಮಂಡೆ ಸಮ ಉಂಟಾ ನಿಂಗೆ? ಕಂಪ್ಯೂಟರ್ ಹಿಂದೆ ಒಬ್ಬ ಕೂತಿರ್ತಾನೆ. ಅಲ್ಲಿ ನಮ್ಮವರು ಯಾರಿದ್ದಾರೆ ನೋಡು."

ಯಜಮಾನ್ರ ಇಡೀ ಗಲ್ಫ್ ಜೀವನ ನಡೆದದ್ದು "ಅಲ್ಲಿ ನಮ್ಮವರು ಯಾರಿದ್ದಾರೆ" ಅನ್ನುವ ಒಂದೇ ಸೂತ್ರದಲ್ಲಿ. ಲೈಸೆನ್ಸ್ ಬೇಕಾ, ಮಗಳಿಗೆ ಶಾಲೆ ಸೀಟು ಬೇಕಾ, ಆಸ್ಪತ್ರೆಯಲ್ಲಿ ಬೇಗ ನಂಬರ್ ಬೇಕಾ, ಯಾರೋ ಒಬ್ಬ ಕುಂದಾಪುರದವ ಇದ್ದೇ ಇರ್ತಾನೆ. ಹುಡುಕಿ ಹುಡುಕಿ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಆಫೀಸಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಮೈಸೂರಿನವರನ್ನು ಪತ್ತೆ ಮಾಡಿದ್ರು. ಆ ಮನುಷ್ಯನ ಕೆಲಸ, ಆಫೀಸಿನವರು ಪಾಸ್‌ವರ್ಡ್ ಮರೆತ್ರೆ ಹೊಸದು ಕೊಡೋದು.

"ಸಾರ್, ನಂಗೂ ಸರ್ಚಿಗೂ ಸಂಬಂಧಾನೇ ಇಲ್ಲ" ಅಂತ ಅವರು ಬಡ್ಕೊಂಡ್ರು.

"ವಿನಯ" ಅಂದ್ರು ಯಜಮಾನ್ರು ನನ್ನತ್ರ ಕಣ್ಣು ಹೊಡೆದು. "ದೊಡ್ಡ ಜಾಗದಲ್ಲಿ ಇರುವವರು ಒಪ್ಕೊಳ್ಳೋದಿಲ್ಲ." ಮರುದಿನವೇ ಒಂದು ಕಟ್ಟು ಹಲಸಿನ ಹಪ್ಪಳ ತಲುಪಿಸಿ ಬಂದ್ರು.

ಗ್ರಹಚಾರ ನೋಡಿ, ಅದೇ ವಾರ ಗಲ್ಲಿಯ ಎರಡು ಟೈಲರ್ ಅಂಗಡಿ ಬೇರೆ ಕಡೆ ಹೋದವು, ನಮ್ಮ ಟೈಲರ್ ಹನ್ನೆರಡನೇ ಸ್ಥಾನಕ್ಕೆ ಬಂದ. ಯಜಮಾನ್ರು ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. "ಕಂಡ್ಯಾ? ಹಪ್ಪಳ!"

ಆಮೇಲೆ ವಾರ ವಾರ ಹಪ್ಪಳ ಹೋಯ್ತು. ಒಂದು ದಿನ ಆ ಮೈಸೂರಿನವರು ನನಗೇ ಫೋನ್ ಮಾಡಿದ್ರು. ಪಾಪ, ನಿಲ್ಲಿಸಿ ಅಂತ ಹೇಳ್ತಾರೆ ಅಂದ್ಕೊಂಡೆ. ದನಿ ತಗ್ಗಿಸಿ ಹೇಳಿದ್ರು: "ಗುರು, ಯಜಮಾನ್ರಿಗೆ ಹೇಳಪ್ಪಾ, ಹಪ್ಪಳಕ್ಕೆ ಇಷ್ಟೇ ಆಗೋದು. ಮೇಲೆ ಹೋಗ್ಬೇಕು ಅಂದ್ರೆ ಮಾವಿನ ಮಿಡಿ ಉಪ್ಪಿನಕಾಯಿ ಬೇಕಾಗುತ್ತೆ ಅಂತ."

ಖಲೀಫಾ ಸಿಟಿ ಬ್ರಾಂಚು

ಯಜಮಾನ್ರ ಮನೆ ಇದ್ದದ್ದು ಅಬುಧಾಬಿಯ ಖಲೀಫಾ ಸಿಟಿಯಲ್ಲಿ, ಒಂದು ವಿಲ್ಲಾದ ಹಿಂದಿನ ಭಾಗ. ಅವರ ಹೆಂಡತಿ ಅಲ್ಲೇ ಹತ್ತಿರದ ಶಾಲೆಯಲ್ಲಿ ಟೀಚರು. ನಾವೆಲ್ಲ ಮೇಡಂ ಅಂತೇವೆ. ಯಜಮಾನ್ರೂ ಮೇಡಂ ಅಂತಾರೆ, ಆದ್ರೆ ಮೆಲ್ಲ.

ಒಂದು ದಿನ ಯಜಮಾನ್ರಿಗೆ ಜ್ಞಾನೋದಯ. "ಅಬುಧಾಬಿಯಲ್ಲೂ ನಮ್ಮ ಹೆಂಗಸರು ಸೀರೆ ಉಡ್ತಾರಲ್ಲ? ಅಲ್ಲೊಂದು ಬ್ರಾಂಚ್ ಅಂತ ಪಿನ್ ಹಾಕು. ನನ್ನ ಮನೆಗೇ ಹಾಕು. ಎರಡು ಕಡೆ ಇದ್ದ ಅಂಗಡಿಗೆ ತೂಕ ಜಾಸ್ತಿ."

"ಸಾರ್, ಅಲ್ಲಿ ಮೆಷಿನ್ ಇಲ್ಲ, ಟೈಲರ್ ಇಲ್ಲ."

"ಬಟ್ಟೆ ಕೊಟ್ಟವರದ್ದು ನಾನು ಕಾರಲ್ಲಿ ದುಬೈಗೆ ತರ್ತೇನೆ. ನೀನು ಪಿನ್ ಹಾಕು, ಯಲ್ಲಾ, ಬೇಗ."

ಪಿನ್ ಹಾಕಿದೆ. ಮನೆಯಲ್ಲಿ ಇದನ್ನು ಹೇಳಲಿಕ್ಕೆ ಯಜಮಾನ್ರು ಮರೆತ್ರು. ಮೇಡಂ ಶಾಲೆಗೆ, ಯಜಮಾನ್ರು ದುಬೈಗೆ. ಹಗಲು ಮನೆಯಲ್ಲಿ ಇರ್ತಿದ್ದದ್ದು ವಿಸಿಟ್ ವೀಸಾದಲ್ಲಿ ಬಂದಿದ್ದ ಮೇಡಂ ಅವರ ಅಮ್ಮ ಒಬ್ಬರೇ, ಎಸಿ ಕೆಳಗೆ ಶಾಲು ಹೊದ್ದು ಬೇಜಾರಲ್ಲಿ.

ಬೆಲ್ ಆಯ್ತು. ಇಬ್ಬರು ಹೆಂಗಸರು, ಕೈಯಲ್ಲಿ ಚೀಲ. ಅಜ್ಜಿಗೆ ಸ್ವರ್ಗವೇ ಬಾಗಿಲಿಗೆ ಬಂದ ಹಾಗಾಯ್ತು. ತನ್ನನ್ನು ಮಾತಾಡಿಸ್ಲಿಕ್ಕೆ ಬಂದಿದ್ದಾರೆ ಅಂತ ಒಳಗೆ ಕೂರಿಸಿ, ಕಾಫಿ ಕೊಟ್ಟು, ನೀರುದೋಸೆ ಎರೆದು, "ಊರಲ್ಲಿ ಎಲ್ಲಿ? ಯಾರ ಪೈಕಿ?" ಅಂತ ಶುರು ಮಾಡಿದ್ರು. ಅರ್ಧ ಗಂಟೆಯಲ್ಲಿ ಒಬ್ಬರು ದೂರದ ಸಂಬಂಧ ಅಂತಲೂ ಆಯ್ತು. ಅಷ್ಟು ಆದ ಮೇಲೆ ಬ್ಲೌಸಿನ ಮಾತು ಎತ್ತಲಿಕ್ಕೆ ಅವರಿಗೆ ನಾಚಿಕೆ. ಬಟ್ಟೆ ಚೀಲ ಹಾಗೇ ಹಿಡ್ಕೊಂಡು ಹೋದ್ರು. ಹೋದವರು ಐದು ನಕ್ಷತ್ರ ಬರೆದ್ರು: "ಬ್ಲೌಸ್ ಹೊಲಿಯುವುದಿಲ್ಲ. ಆದರೆ ದೋಸೆ ಬಹಳ ಮೃದು."

ಅದನ್ನು ಓದಿ ಮತ್ತೆ ನಾಲ್ಕು ಜನ ಬಂದ್ರು. ಮೊಮ್ಮಗಳು ಶಾಲೆ ಮುಗಿಸಿ ಬಂದು ಬಾಗಿಲು ತೆಗೆದು, "ಅಜ್ಜೀ, ಮೋರ್ ಪೀಪಲ್" ಅನ್ನೋದು ಅಭ್ಯಾಸ ಆಯ್ತು. ಮೆಷಿನೇ ಇಲ್ಲದ ಬ್ರಾಂಚು ಅಬುಧಾಬಿಯಲ್ಲಿ ಮೂರನೇ ಸ್ಥಾನ. ಮೆಷಿನ್ ಎದುರು ಬೆನ್ನು ಬಗ್ಗಿಸಿ ಕೂತ ಟೈಲರ್ ಅಣ್ಣ ದುಬೈಯಲ್ಲಿ ಹನ್ನೆರಡು.

ಯಜಮಾನ್ರು ಖುಷಿಯಲ್ಲೇ ಇದ್ರು, ಅತ್ತೆಯ ವಾಪಸ್ ಟಿಕೆಟಿನ ಮಾತು ಬರುವ ತನಕ. ಅಜ್ಜಿ ಕಾಲು ಚಾಚಿ ಕೂತು ಹೇಳಿದ್ರಂತೆ: "ಅಳಿಯಂದ್ರೆ, ಟಿಕೆಟ್ ಕ್ಯಾನ್ಸಲ್ ಮಾಡಿ. ಊರಲ್ಲಿ ನನ್ನನ್ನು ನೋಡ್ಲಿಕ್ಕೆ ಇಷ್ಟು ಜನ ಬರೋದಿಲ್ಲ."

ಆ ಬ್ರಾಂಚನ್ನು ನಾನು ಅಳಿಸಿದಷ್ಟು ಬೇಗ ಬೇರೆ ಯಾವುದನ್ನೂ ಅಳಿಸಿಲ್ಲ. ಯಜಮಾನ್ರು ಪಕ್ಕದಲ್ಲೇ ನಿಂತು ನನ್ನ ಬೆರಳಿಗೆ ಗಾಳಿ ಹಾಕ್ತಾ ಇದ್ರು.

ಒಂದು ನಕ್ಷತ್ರದ ಗುಟ್ಟು

ದಸರಾ ಹತ್ರ ಬಂತು. ಅದರ ಹಿಂದೆಯೇ ಎಂ-ತ್ರೀ ಪೇಪರು. ಅಣ್ಣನ ಸ್ಥಾನ ಮೇಲೆ ಬರೋದು ಬಿಡಿ, ಕೆಳಗೆ ಜಾರ್ತಾ ಇತ್ತು. ಕಾರಣ, ವಾರಕ್ಕೆ ಮೂರು ನಾಲ್ಕು ಜನ ಒಂದೇ ನಕ್ಷತ್ರ ಕೊಡ್ತಿದ್ರು. "ಕೆಟ್ಟ ಟೈಲರ್." "ಬಟ್ಟೆ ಹಾಳು." "ಯಾರೂ ಹೋಗಬೇಡಿ." ಅಣ್ಣ ಮಾತ್ರ ಬಗ್ಗಿಸಿದ ತಲೆ ಎತ್ತದೆ ಹೊಲೀತಾ ಇದ್ದ. "ನಂಗೆ ಗೊತ್ತಿಲ್ಲ ಮಾರಾಯ. ಎಲ್ಲರೂ ನಗ್ತಾ ತಗೊಂಡು ಹೋಗ್ತಾರೆ."

ಶತ್ರು ಯಾರು ನೋಡ್ಬೇಕಂತ ನಾನು ಅಂಗಡಿಯಲ್ಲೇ ಸ್ಟೂಲ್ ಹಾಕಿ ಕೂತೆ. ಬೆಂಗಳೂರಿನ ಹೆಂಗಸೊಬ್ಬರು ಬಂದ್ರು. ಹೊಲಿದ ಬ್ಲೌಸ್ ಹಾಕ್ಕೊಂಡು ಕನ್ನಡಿ ಎದುರು ಆ ಕಡೆ ತಿರುಗಿದ್ರು, ಈ ಕಡೆ ತಿರುಗಿದ್ರು, ಕಣ್ಣಲ್ಲಿ ನೀರೇ ಬಂತು. "ಅಯ್ಯೋ ಅಣ್ಣಾ, ಮೈಗೆ ಹುಯ್ದ ಹಾಗೆ ಕೂತಿದೆ! ತೋಳು ನೋಡಿ, ತೋಳು!" ಇನ್ನೂ ನಾಲ್ಕು ಪೀಸ್ ಕೊಟ್ರು. ಆಮೇಲೆ ಮೂಲೆಗೆ ಹೋಗಿ ಫೋನ್ ತೆಗೆದು ಕುಟ್ಟಿದ್ರು.

ನನ್ನ ಫೋನು ಟಿಣ್ ಅಂತು. ಹೊಸ ಅಭಿಪ್ರಾಯ, ಒಂದು ನಕ್ಷತ್ರ: "ದಯವಿಟ್ಟು ಬರಬೇಡಿ. ತೋಳು ಪೂರ್ತಿ ಹಾಳು."

ನಾನು ಎದ್ದು ನಿಂತೆ. "ಮೇಡಂ, ಈಗ ತಾನೇ ನೀವು..."

"ಶ್!" ಅಂತ ನನ್ನನ್ನು ಹೂವಿನ ಅಂಗಡಿ ಪಕ್ಕಕ್ಕೆ ಎಳ್ಕೊಂಡು ಹೋದ್ರು. "ಮದುವೆ ಆಗಿದ್ಯಾ?"

"ಇಲ್ಲ."

"ಅದಕ್ಕೇ ಗೊತ್ತಿಲ್ಲ ನಿಂಗೆ. ನೋಡು, ಸರಿಯಾಗಿ ಬ್ಲೌಸ್ ಹೊಲಿಯೋನು ಒಬ್ಬ ಸಿಗೋಕೆ ಈ ದೇಶದಲ್ಲಿ ಏಳು ಜನ್ಮದ ಪುಣ್ಯ ಬೇಕು. ಐದು ನಕ್ಷತ್ರ ಹಾಕಿದ್ರೆ ಶಾರ್ಜಾದಿಂದೆಲ್ಲ ಬಂದು ಸಾಲು ನಿಲ್ತಾರೆ. ಆಮೇಲೆ ದಸರಾಕ್ಕೆ ನಂದು ಯಾರು ಹೊಲೀತಾರೆ?"

"ಹಾಗಾದ್ರೆ ಉಳಿದ ಒಂದು ನಕ್ಷತ್ರದವರು..."

"ಎಲ್ಲಾ ಖಾಯಂ ಗಿರಾಕಿಗಳೇ. ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ಇದ್ದೀವಿ." ಸೆರಗು ಸರಿಮಾಡ್ಕೊಂಡು ಹೊರಟವರು ತಿರುಗಿ ಹೇಳಿದ್ರು: "ಒಡಹುಟ್ಟಿದ ತಂಗಿಗೇ ಹೇಳಿಲ್ಲ ಕಣೋ. ನಿನ್ನ ಮ್ಯಾಪಿಗೆ ಹೇಳ್ತೀನಾ?"

ನಂಬರ್ ಒನ್

ರೋಗ ಗೊತ್ತಾದ ಮೇಲೆ ಮದ್ದು ಸುಲಭ. ಟೈಲರ್ ಅಣ್ಣನ ಕಿವಿಯಲ್ಲಿ ಹೇಳಿದೆ. ಮರುದಿನದಿಂದ ಅಣ್ಣ ಬಟ್ಟೆ ತಗೊಳ್ಳುವಾಗ ಟೇಪು ಕುತ್ತಿಗೆಗೆ ಹಾಕ್ಕೊಂಡು, ನೆಲ ನೋಡಿಕೊಂಡು ಒಂದೇ ಮಾತು: "ಅಕ್ಕ, ಐದು ನಕ್ಷತ್ರದವರಿಗೆ ಗುರುವಾರ. ಒಂದು ನಕ್ಷತ್ರದವರಿಗೆ ದೀಪಾವಳಿ ಕಳೆದು."

ಹೆಂಗಸರು ನಿಂತಲ್ಲೇ ಫೋನ್ ತೆಗೆದ್ರು. ಒಂದೇ ವಾರದಲ್ಲಿ ಹಳೇ ಒಂದು ನಕ್ಷತ್ರ ಎಲ್ಲ ಐದಾದವು. ಬೆಂಗಳೂರಿನ ಹೆಂಗಸು ಬರೆದದ್ದು: "ಹಿಂದೆ ಬರೆದದ್ದು ಬೇರೆ ಟೈಲರ್ ಬಗ್ಗೆ. ಇವರು ದೇವರು." ಅಣ್ಣ ಹತ್ತು, ಏಳು, ನಾಲ್ಕು ಅಂತ ಹತ್ತಿ ಹತ್ತಿ, ದೀಪಾವಳಿಗೆ ಇನ್ನೂ ದಿನ ಇರುವಾಗಲೇ ನಂಬರ್ ಒನ್ ಆಗಿಬಿಟ್ಟ. ಯಜಮಾನ್ರು ಉಪ್ಪಿನಕಾಯಿ ಕೆಲಸ ಮಾಡಿತು ಅಂತ ಮೈಸೂರಿನವರಿಗೆ ಒಂದು ಡಬ್ಬಿ ಜಾಸ್ತಿ ಕಳಿಸಿದ್ರು. ವೀಸಾ ಉಪ್ಪಿನಕಾಯಿಯಿಂದ ಸಿಕ್ಕಿದ್ರೂ ನನಗೆ ಸಾಕು.

ನಂಬರ್ ಒನ್ ಆದ ಮೇಲೆ ಅಣ್ಣನ ಅಂಗಡಿಗೆ ಬಂದವರು ಯಾರ್ಯಾರು ಕೇಳಿ. ಒಬ್ಬ ಸೋಫಾ ಕವರ್ ಬೇಕು ಅಂದ. ಒಬ್ಬ ದೋಣಿಗೆ ಟಾರ್ಪಾಲು ಅಂದ. ಎಲ್ಲರದ್ದೂ ಒಂದೇ ಮಾತು: "ನಂಬರ್ ಒನ್ ನೀನೇ ಅಲ್ವಾ?" ಅಣ್ಣನಿಗೆ ಇಲ್ಲ ಅನ್ನಲಿಕ್ಕೆ ಬಾಯಿ ಬರೋದಿಲ್ಲ. ಕೊನೆಗೊಬ್ಬರು ಅರಬಿ ಯಜಮಾನರು, ಬಿಳಿ ನಿಲುವಂಗಿ, ಕೈಮೇಲೆ ಗಿಡುಗ. ಗಿಡುಗದ ತಲೆಗೆ ಹಾಕುವ ಟೋಪಿ ಬೇಕಂತೆ, ಜರಿ ಕೆಲಸದ್ದು.

ಸಂಜೆ ಹೋದಾಗ ಅಣ್ಣ ಕಾಂಚಿ ಬಾರ್ಡರ್ ತುಂಡಲ್ಲಿ ಪುಟ್ಟ ಟೋಪಿ ಹೊಲೀತಾ ಇದ್ದ. ಬೆರಳುಗಳಿಗೆಲ್ಲ ಬ್ಯಾಂಡೇಜು.

"ಅಣ್ಣ, ಗಿಡುಗದ ಅಳತೆ ಹೇಗೆ ತಗೊಂಡ್ರಿ?"

"ನಾನೆಲ್ಲಿ ತಗೊಂಡೆ ಮಾರಾಯ? ಟೇಪು ಹಿಡಿದು ಹತ್ರ ಹೋದೆ. ಅದೇ ನನ್ನದು ತಗೊಳ್ತು."

ಮೇಡಂ ಬಂದದ್ದು

ಮಾತು ಅಂದ್ರೆ ಮಾತು. ಯಜಮಾನ್ರು ನನ್ನ ಪಾಸ್‌ಪೋರ್ಟ್ ಮೇಜಿನ ಮೇಲೆ ಇಟ್ಟು, "ಪಕ್ಕದ ಟೈಪಿಂಗ್ ಸೆಂಟರಿಗೆ ಕೊಡು, ವೀಸಾ ರಿನ್ಯೂ ಅರ್ಜಿ ಹಾಕ್ಲಿ" ಅಂತ ನನ್ನ ಕಡೆ ನೂಕುವ ಹೊತ್ತು. ಬಾಗಿಲು ಧಡ್ ಅಂತ ತೆರೀತು. ಮೇಡಂ. ಕೈಯಲ್ಲಿ ಚೀಲ.

"ಆ ಟೈಲರನ್ನು ನಂಬರ್ ಒನ್ ಮಾಡಿದ್ದು ಯಾರು?"

ಯಜಮಾನ್ರು ಎದೆ ಉಬ್ಬಿಸಿ ಎದ್ರು. "ಮತ್ತೆ ಯಾರು? ನಾನೇ!"

ಮೇಡಂ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ್ರು. ಮಡಿಕೆ ಬಿಚ್ಚದ ರೇಷ್ಮೆ ಬ್ಲೌಸ್ ಪೀಸು. "ಮುಂದಿನ ವಾರ ನನ್ನ ಅಣ್ಣನ ಮಗಳ ಮದುವೆ. ಹೊಲಿಯದೆ ವಾಪಸ್ ಕೊಟ್ಟಿದ್ದಾನೆ. ಎಂತ ಹೇಳಿದ ಗೊತ್ತುಂಟಾ? 'ಮೇಡಂ, ಸಾಲಲ್ಲಿ ನಿಮ್ಮ ಮುಂದೆ ಒಂದು ಗಿಡುಗ ಉಂಟು' ಅಂತ!"

"ನಾನಲ್ಲ, ಇವ!" ಅಂದ್ರು ಯಜಮಾನ್ರು, ಅದೇ ಉಸಿರಲ್ಲಿ.

ಮೇಡಂ ನನ್ನ ಕಡೆ ತಿರುಗಿದ್ರು. ಹೋಂವರ್ಕ್ ಮಾಡದ ಹುಡುಗನನ್ನು ನೋಡುವ ನೋಟ, ನನಗೆ ಹೊಸದಲ್ಲ. "ಅವನನ್ನು ಇಳಿಸ್ಲಿಕ್ಕೆ ಆಗ್ತದಾ?"

"ಆಗ್ತದೆ ಮೇಡಂ. ಆದ್ರೆ ಅವ ಇಳಿದ್ರೆ ನಾನು ಮಂಗಳೂರಲ್ಲಿ ಇಳೀಬೇಕು. ನಂಬರ್ ಒನ್ ಇದ್ರೆ ಮಾತ್ರ ವೀಸಾ ಅಂತ ಸಾರ್ ಹೇಳಿದ್ದಾರೆ."

"ಹೌದಾ?" ಅಂದ್ರು ಮೇಡಂ, ಗಂಡನ ಕಡೆ.

"ಅದು... ಹುಡುಗರಿಗೆ ಒಂದು ಉತ್ಸಾಹ ಬರ್ಲಿ ಅಂತ..."

"ಇವನನ್ನು ಊರಿಗೆ ಕಳಿಸಿದ್ರೆ ಇಳಿಸೋದು ಯಾರು? ನೀವಾ? ನಿಮಗೆ ಟಿವಿ ವಾಲ್ಯೂಮ್ ಇಳಿಸ್ಲಿಕ್ಕೆ ಮಗಳು ಬೇಕು."

ಯಜಮಾನ್ರು ಪಾಸ್‌ಪೋರ್ಟನ್ನು ಎರಡು ಕೈಯಲ್ಲಿ ಎತ್ತಿ, ಪ್ರಸಾದ ಕೊಟ್ಟ ಹಾಗೆ ನನ್ನ ಕೈಗಿಟ್ರು. "ಇಳಿಸು ಮಾರಾಯ. ವೀಸಾಕ್ಕೆ ಹಾಕಿ ಬಂದು, ಇಳಿಸು." ಆಮೇಲೆ ಸಣ್ಣ ದನಿಯಲ್ಲಿ, "ಆದ್ರೆ ಟೈಲರ್‌ಗೆ ಎಂತ ಹೇಳೋದು? ಅವ ನಮ್ಮ ಗಿರಾಕಿ ಅಲ್ವಾ?"

ಬಾಗಿಲ ಸಂದಿಯಿಂದ ಬ್ಯಾಂಡೇಜು ಹಾಕಿದ ಎರಡು ಕೈ ಜೋಡಿಸಿಕೊಂಡು ಒಳಗೆ ಬಂದವು. ಹಿಂದಿನಿಂದ ಟೈಲರ್ ಅಣ್ಣನ ಮುಖ. "ಇಳಿಸಿ ಸಾರ್, ನಿಮಗೆ ಪುಣ್ಯ ಬರ್ತದೆ. ನಾಳೆ ಆ ಅರಬಿಯವರು ಇನ್ನೂ ಆರು ಗಿಡುಗ ತರ್ತಾರಂತೆ."

ನಾನು ಲ್ಯಾಪ್‌ಟಾಪ್ ತೆರೆದೆ. ಪಾಸ್‌ಪೋರ್ಟ್ ಜೇಬಲ್ಲಿ ಇದ್ದ ಧೈರ್ಯಕ್ಕೆ ಸ್ವಲ್ಪ ಗತ್ತಿನಲ್ಲೇ ಕೇಳಿದೆ: "ಎಷ್ಟನೇ ಸ್ಥಾನಕ್ಕೆ ಇಳಿಸ್ಲಿ ಮೇಡಂ? ಹತ್ತು? ಇಪ್ಪತ್ತು?"

ಮೇಡಂ ರೇಷ್ಮೆ ಪೀಸನ್ನು ಮೆಲ್ಲ ಮಡಚಿ ಚೀಲಕ್ಕೆ ಹಾಕಿದ್ರು. ಟೈಲರ್ ಅಣ್ಣನ ತೋಳು ಹಿಡಿದು ಹೊರಗೆ ನಡೆಸಿದ್ರು. ಹೊಸ್ತಿಲ ಮೇಲೆ ನಿಂತು ತಿರುಗಿದ್ರು.

"ಸ್ಥಾನ ಗೀನ ಎಲ್ಲ ಬೇಡ. ಅಂಗಡಿ ಶಾಶ್ವತವಾಗಿ ಮುಚ್ಚಿದೆ ಅಂತ ಮ್ಯಾಪಲ್ಲಿ ಹಾಕು. ನಾನು ಇವನ ಅಂಗಡಿಗೆ ಹಿಂದಿನ ಬಾಗಿಲಿಂದ ಹೋಗ್ತೇನೆ."

ಅಂದವರೇ ಹೊರಗೆ ಹೋಗಿ ಬಾಗಿಲು ಹಾಕ್ಕೊಂಡ್ರು.